ಕಮಾನು ಪಟ್ಟಿ ಕಟ್ಟಿಕೊಂಡ ಸೈಕಲ್ಲು

ಕಬ್ಬು ಕಡಿಯುವ ಕಾಲದಲ್ಲಿ ಮಂಡ್ಯದ ಕಡೆ ಸೈಕಲ್ಲು ಹೊಡೆದವರು ಲಾರಿಯ ಹೊಟ್ಟೆಯನ್ನು ಹತ್ತಿರದಿಂದ ನೋಡಿರುತ್ತಾರೆ. ಕಬ್ಬಿನ ಹೊರೆ ರಸ್ತೆಯ ಎರಡೂ ಕಡೆಗೆ ಚಾಚಿಕೊಂಡಿರುತ್ತದೆ, ದಾಟಿ ಮುಂದೆ ಹೋಗಲು ಜಾಗವಿರುವುದಿಲ್ಲ. ಹಿಂದೆಯೇ ನಿಧಾನವಾಗಿ ತುಳಿಯುತ್ತ ಹೋಗುವಾಗ ಕಣ್ಣು ತಾನಾಗಿ ಹಿಂದಿನ ಗಾಲಿಗಳ ಕಡೆಗೆ ಇಳಿಯುತ್ತದೆ. ಅಲ್ಲಿ ಉಕ್ಕಿನ ಪಟ್ಟಿಗಳನ್ನು ಒಂದರಡಿ ಒಂದು ಪೇರಿಸಿ, ಉದ್ದದ್ದು ಮೇಲೆ ಗಿಡ್ಡದ್ದು ಕೆಳಗೆ ಬರುವಂತೆ, ನಡುವೆ ಯು ಬೋಲ್ಟು ಹಾಕಿ ಬಿಗಿದಿರುತ್ತಾರೆ. ಗುಂಡಿ ಬಂದಾಗ ಆ ಕಟ್ಟು ಬಾಗುತ್ತದೆ, ಗುಂಡಿ ದಾಟಿದಾಗ ಮತ್ತೆ ನಿಗುರುತ್ತದೆ. ಗ್ಯಾರೇಜಿನವರ ಬಾಯಲ್ಲಿ ಅದು ಕಮಾನು ಪಟ್ಟಿ. ಅಂಬಾಸಿಡರ್ ಕಾರಿನ ಹಿಂದಿನ ಗಾಲಿಗಳನ್ನು ಹೊತ್ತದ್ದೂ ಇದೇ. ಲಾರಿಯಲ್ಲಿ ಸವೆದು ಮುರಿದ ಮೇಲೂ ಅದರ ಬದುಕು ಮುಗಿಯುವುದಿಲ್ಲ. ಕುಲುಮೆಗೆ ಹೋಗಿ ಮಚ್ಚಾಗುತ್ತದೆ, ಕುಡುಗೋಲಾಗುತ್ತದೆ. ಒಳ್ಳೆಯ ಉಕ್ಕು ಎಲ್ಲಿ ಸಿಗುತ್ತದೆ ಎಂದು ನಮ್ಮ ಕಮ್ಮಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಂಥ ಕಮಾನು ಪಟ್ಟಿಯನ್ನು ಸೈಕಲ್ಲಿನ ಮುಂದಿನ ಚಕ್ರಕ್ಕೆ ಕಟ್ಟಬಹುದು ಎಂಬುದನ್ನು ನಾನು ಕಂಡದ್ದು ಚಿಕ್ಕಪ್ಪನ ಮಗನ ಗ್ರಾವೆಲ್ ಬೈಕಿನಲ್ಲಿ. ಅವನಿರುವುದು ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ. ಊರಿಗೆ ಬರುವಾಗ ಸೈಕಲ್ಲನ್ನು ಬಿಚ್ಚಿ ಪೆಟ್ಟಿಗೆಯಲ್ಲಿಟ್ಟು ತಂದಿದ್ದ, ವಾಪಸು ಹೋಗುವಾಗ ಒಂದಿಷ್ಟು ಕಾಲ ನನ್ನ ಬಳಿ ಬಿಟ್ಟುಹೋದ. ಗ್ರಾವೆಲ್ ಬೈಕೆಂದರೆ ರೇಸ್ ಸೈಕಲ್ಲಿನಂತೆ ಬಾಗಿದ ಹ್ಯಾಂಡಲ್ಲಿದ್ದು, ಟಯರು ಮಾತ್ರ ಅದಕ್ಕಿಂತ ದಪ್ಪಗಿರುವ, ಡಾಂಬರಿಲ್ಲದ ದಾರಿಯಲ್ಲಿ ದಿನವಿಡೀ ಹೋಗಲೆಂದೇ ಮಾಡಿದ ಸೈಕಲ್ಲು. ಗರಸು ರಸ್ತೆ, ಕೆರೆ ಏರಿ, ನಾಲೆಯ ಪಕ್ಕದ ಮಣ್ಣುದಾರಿ, ಎಲ್ಲವೂ ಅದಕ್ಕೆ ಸಮ. ಆದರೆ ಇವನ ಸೈಕಲ್ಲಿನ ಫೋರ್ಕು ನೆಟ್ಟಗೆ ಚಕ್ರದ ಅಚ್ಚಿಗೆ ಬಂದು ಸೇರುತ್ತಿರಲಿಲ್ಲ. ಎರಡೂ ಕಾಲುಗಳು ಅಚ್ಚಿಗಿಂತ ಸ್ವಲ್ಪ ಮೊದಲೇ ನಿಂತುಬಿಟ್ಟಿದ್ದವು. ಅಚ್ಚನ್ನು ಹಿಡಿದ ಪುಟ್ಟ ತುಂಡು ಬೇರೆಯೇ ಇತ್ತು. ಆ ಎರಡರ ನಡುವೆ, ಮೇಲೊಂದು ಸಾಲು ಕೆಳಗೊಂದು ಸಾಲು, ಬೆರಳಗಲದ ತೆಳ್ಳನೆಯ ಪಟ್ಟಿಗಳು. ಎಣ್ಣೆ ತುಂಬಿದ ಕೊಳವೆ ಇರಲಿಲ್ಲ, ರಬ್ಬರಿನ ಸೀಲು ಇರಲಿಲ್ಲ, ತಿರುಗಿಸುವ ಗುಬುಟು ಕೂಡ ಇರಲಿಲ್ಲ. ಹ್ಯಾಂಡಲ್ಲನ್ನು ಒತ್ತಿದರೆ ಪಟ್ಟಿಗಳು ಬಾಗಿದವು. ಬಿಟ್ಟರೆ ಸೈಕಲ್ಲು ಮೇಲೆದ್ದಿತು. ಅಷ್ಟೇ ಅದರ ಯಂತ್ರ.

ನನಗೆ ಆ ಸರಳತೆ ಬಹಳ ಹಿಡಿಸಿತು. ಹಿಡಿಸಿದ ವಸ್ತುವನ್ನು ಚೆನ್ನಾಗಿ ತಿಳಿದುಕೊಳ್ಳಬೇಕು ಎನ್ನಿಸುವುದು ಸಹಜ. ಓದಿದೆ, ಓಡಿಸಿದೆ, ಬಲ್ಲವರನ್ನು ಕೇಳಿದೆ. ಅದರ ಗುಣ ಯಾವುದು, ದೋಷ ಯಾವುದು ಎಂದು ಬೇರೆ ಬೇರೆ ಮಾಡಿಡಲು ಹೊರಟರೆ ಎರಡೂ ಒಂದೇ ಬೇರಿನಿಂದ ಹುಟ್ಟಿದವು ಎಂಬುದು ನಿಧಾನವಾಗಿ ಹೊಳೆಯಿತು.

ಮೊದಲು ಇದರ ಹುಟ್ಟಿನ ಕತೆ. ಈ ಫೋರ್ಕು ಬಂದದ್ದು ಐಸ್‌ಲ್ಯಾಂಡಿನಿಂದ. ಅಲ್ಲಿನ ರಾಜಧಾನಿ ರೇಕ್ಯಾವಿಕ್‌ನಲ್ಲಿ 1971ರಲ್ಲಿ ಶುರುವಾದ ಒಸ್ಸುರ್ ಎಂಬ ಕಂಪನಿ ಕೃತಕ ಕಾಲುಗಳಿಗೆ ಜಗತ್ಪ್ರಸಿದ್ಧ. ಅಮೆರಿಕದ ವ್ಯಾನ್ ಫಿಲಿಪ್ಸ್ 1976ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ನೀರಿನ ಮೇಲೆ ಸ್ಕೀಯಿಂಗ್ ಮಾಡುವಾಗ ಅಪಘಾತವಾಗಿ ಮೊಣಕಾಲ ಕೆಳಗೆ ಒಂದು ಕಾಲು ಕಳೆದುಕೊಂಡರು. ಆಗ ಸಿಗುತ್ತಿದ್ದ ಮರದ, ರಬ್ಬರಿನ ಪಾದಗಳು ನೆಲವನ್ನು ಒತ್ತುತ್ತಿದ್ದವೇ ಹೊರತು ಹಿಂದಿರುಗಿ ತಳ್ಳುತ್ತಿರಲಿಲ್ಲ. ಇದರಿಂದ ಬೇಸತ್ತ ಅವರು ಇಂಗಾಲದ ನೂಲಿನಿಂದ, ಎಂದರೆ ಕಾರ್ಬನ್ ಫೈಬರಿನಿಂದ, ಬಾಗಿ ಪುಟಿಯುವ ಪಾದವನ್ನು ರೂಪಿಸಿದರು. ಅದನ್ನು ಮಾಡಲು ಅವರು ಕಟ್ಟಿದ ಫ್ಲೆಕ್ಸ್ ಫುಟ್ ಎಂಬ ಕಂಪನಿಯನ್ನು ಒಸ್ಸುರ್ 2000ದಲ್ಲಿ ಕೊಂಡುಕೊಂಡಿತು. ಕಾಲಿಲ್ಲದ ಓಟಗಾರರು ಅರ್ಧಚಂದ್ರದಂಥ ಪಟ್ಟಿಗಳ ಮೇಲೆ ಓಡುವುದನ್ನು ಪ್ಯಾರಾಲಿಂಪಿಕ್ಸ್‌ನಲ್ಲಿ ನಾವೆಲ್ಲ ನೋಡಿದ್ದೇವಲ್ಲ, ಅದು ಈ ಮನೆತನದ್ದೇ. ಒಸ್ಸುರ್‌ನಲ್ಲಿ ಕೃತಕ ಪಾದಗಳ ಕೆಲಸ ಮಾಡಿದ್ದ ಬೆನೆಡಿಕ್ಟ್ ಸ್ಕುಲಾಸನ್ ಮತ್ತು ಗುದ್‌ಬರ್ಗ್ ಬ್ಯೋರ್ನ್‌ಸನ್ ಎಂಬಿಬ್ಬರು 2010ರ ದಶಕದ ಆರಂಭದಲ್ಲಿ ಲೌಫ್ ಎಂಬ ಕಂಪನಿ ಕಟ್ಟಿದರು. ಮನುಷ್ಯನ ಪಾದಕ್ಕೆ ಪುಟಿತ ಕೊಡುವ ಪಟ್ಟಿ ಸೈಕಲ್ಲಿನ ಚಕ್ರಕ್ಕೇಕೆ ಕೊಡಬಾರದು ಎಂಬುದು ಅವರ ಪ್ರಶ್ನೆ. ಮೊದಲು ಮಾಡಿದ್ದು ಬೆಟ್ಟದ ಸೈಕಲ್ಲುಗಳಿಗೆ, ಚಕ್ರ 60 ಮಿಲಿಮೀಟರ್ ಮೇಲೇರಬಲ್ಲ ಫೋರ್ಕು. 2016ರಲ್ಲಿ ಗ್ರಾವೆಲ್ ಬೈಕಿಗೆಂದೇ 30 ಮಿಲಿಮೀಟರಿನ ಗ್ರಿಟ್ ಎಂಬುದನ್ನು ತಂದರು. ತೂಕ 900 ಗ್ರಾಂ ಆಸುಪಾಸು. ಆಮೇಲೆ ಬಂದ ಗ್ರಿಟ್ ಎಸ್‌ಎಲ್ ಇನ್ನೂ ಹಗುರ, ಸುಮಾರು 850 ಗ್ರಾಂ.

ನೋವಿನಿಂದ ಹುಟ್ಟಿದ ತಿಳಿವಳಿಕೆ ಹೀಗೆ ಬೇರೆ ಕಡೆ ಹೋಗಿ ಉಪಕಾರವಾಗುವುದು ನನಗೆ ಈ ಕತೆಯಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ. ಇದರೊಳಗೆ ಇನ್ನೊಂದು ಸೂಕ್ಷ್ಮವಿದೆ. ಫೋರ್ಕಿನ ಕಾಲುಗಳು ಕಾರ್ಬನ್ನಿನವು, ಬಾಗುವ ಪಟ್ಟಿಗಳು ಮಾತ್ರ ಗಾಜಿನ ನೂಲಿನವು. ಕಾರ್ಬನ್ನು ಬಿಗಿ, ಹಗುರ, ದುಬಾರಿ. ಗಾಜು ಅದಕ್ಕಿಂತ ಅಗ್ಗ. ಹಾಗಿದ್ದರೂ ಪಟ್ಟಿಗೆ ಗಾಜನ್ನೇ ಆರಿಸಿದ್ದು ದುಡ್ಡು ಉಳಿಸಲೆಂದಲ್ಲ. ಕಾರ್ಬನ್ ನೂಲು ತನ್ನ ಉದ್ದದ ನೂರಕ್ಕೆ ಒಂದೂವರೆ, ಹೆಚ್ಚೆಂದರೆ ಎರಡರಷ್ಟು ಹಿಗ್ಗುವಷ್ಟರಲ್ಲಿ ಮುರಿಯುತ್ತದೆ. ಗಾಜಿನ ನೂಲು ನಾಲ್ಕೈದರಷ್ಟು ಹಿಗ್ಗಬಲ್ಲದು. ಸ್ಪ್ರಿಂಗು ಆಗಬೇಕಾದದ್ದಕ್ಕೆ ಬಿಗಿತಕ್ಕಿಂತ ಈ ಹಿಗ್ಗುವ ಗುಣ ಮುಖ್ಯ, ಏಕೆಂದರೆ ಹಿಗ್ಗಿದಷ್ಟೂ ಅದು ಏಟನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಅಮೆರಿಕದ ಕಾರು ತಯಾರಕರು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. 1981ರ ಕಾರ್ವೆಟ್ ಕಾರಿನ ಹಿಂಬದಿಗೆ ಉಕ್ಕಿನ ಕಮಾನು ಪಟ್ಟಿಯ ಬದಲು ಗಾಜಿನ ನೂಲಿನ ಒಂದೇ ಪಟ್ಟಿಯನ್ನು ಅಡ್ಡಲಾಗಿ ಹಾಕಿದರು. ಹಲವು ಪಟ್ಟು ಭಾರವಿದ್ದ ಉಕ್ಕಿನ ಜಾಗದಲ್ಲಿ ನಾಲ್ಕು ಕಿಲೋಗೂ ಕಡಿಮೆ ತೂಕದ ಗಾಜು ಬಂದು ಕೂತಿತು.

ಇನ್ನು ಸವಾರಿ. ನಮ್ಮ ಕಡೆಯ ನಾಲೆ ಏರಿಯ ರಸ್ತೆಗಳು ಇಂಥ ಸೈಕಲ್ಲಿಗೆ ಹೇಳಿ ಮಾಡಿಸಿದವು. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ, ನಡುವೆ ಮೈಲಿಗಟ್ಟಲೆ ಗರಸು. ವಾಹನದ ಕಾಟವಿಲ್ಲ, ಏರಿಳಿತವೂ ಹೆಚ್ಚಿಲ್ಲ. ಕಾಡುವುದು ನಡುಕ ಒಂದೇ. ದೊಡ್ಡ ಗುಂಡಿಯನ್ನು ಕಣ್ಣು ಮೊದಲೇ ಕಾಣುತ್ತದೆ, ಮೊಣಕೈ ಸಡಿಲ ಬಿಟ್ಟು ದಾಟಬಹುದು. ಸಣ್ಣ ಸಣ್ಣ ಜಲ್ಲಿಯ ಮೇಲೆ ಎಡೆಬಿಡದೆ ಬರುವ ನಡುಕಕ್ಕೆ ಅಂಥ ಉಪಾಯವಿಲ್ಲ. ಅದು ಹ್ಯಾಂಡಲ್ಲಿನಿಂದ ಅಂಗೈಗೆ ಬರುತ್ತದೆ, ಅಂಗೈಯ ಹೊರ ಅಂಚಿನಲ್ಲಿ ಹಾದುಹೋಗುವ ನರವನ್ನು ಒತ್ತುತ್ತದೆ. ಮೂರ್ನಾಲ್ಕು ಗಂಟೆಯಾದ ಮೇಲೆ ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತವೆ. ದೂರದ ಸವಾರಿ ಮಾಡಿದ ಎಲ್ಲರೂ ಇದನ್ನು ಬಲ್ಲರು. ಬ್ರೇಕು ಹಿಡಿಯಲು ಬೆರಳು ಮಡಿಸಿದರೆ ಅವು ತಮ್ಮವೋ ಅಲ್ಲವೋ ಎಂಬಷ್ಟು ಮರಗಟ್ಟಿರುತ್ತವೆ.

ಈ ಸಣ್ಣ ನಡುಕದ ಮುಂದೆ ನಮ್ಮ ಮೋಟರ್ ಬೈಕುಗಳಲ್ಲಿರುವಂಥ ಫೋರ್ಕು, ಎಂದರೆ ಕೊಳವೆಯೊಳಗೆ ಕೊಳವೆ ಜಾರುವ ಬಗೆಯದು, ಕೊಂಚ ಹಿಂಜರಿಯುತ್ತದೆ. ಅದರೊಳಗೆ ಎಣ್ಣೆ ಸೋರದಂತೆ, ಧೂಳು ಹೋಗದಂತೆ ಬಿಗಿಯಾದ ಸೀಲುಗಳಿರುತ್ತವೆ. ಸೀಲಿನ ಹಿಡಿತ ಬಿಡಿಸಿಕೊಂಡು ಮೊದಲ ಬಾರಿ ಜಾರಲು ಒಂದಷ್ಟು ಬಲ ಬೇಕು. ದೊಡ್ಡ ಏಟಾದರೆ ಆ ಬಲ ಸಿಗುತ್ತದೆ, ಕಡಲೆಕಾಳಿನ ಗಾತ್ರದ ಕಲ್ಲಿನ ಏಟಿಗೆ ಸಿಗುವುದಿಲ್ಲ. ಆಗ ಫೋರ್ಕು ಗಟ್ಟಿ ಕಂಬದಂತೆ ನಿಂತು ನಡುಕವನ್ನು ನೇರವಾಗಿ ಕೈಗೆ ದಾಟಿಸುತ್ತದೆ. ಪಟ್ಟಿಯ ಫೋರ್ಕಿನಲ್ಲಿ ಜಾರುವ ಭಾಗವೇ ಇಲ್ಲ, ಬಾಗುವುದು ಮಾತ್ರ. ಬಾಗಲು ಯಾರ ಅಪ್ಪಣೆಯೂ ಬೇಡ. ಎಷ್ಟು ಸಣ್ಣ ಕಲ್ಲು ಬಂದರೂ ಅಷ್ಟಕ್ಕಷ್ಟು ಬಾಗಿಕೊಡುತ್ತದೆ. ನಾಲೆ ಏರಿಯ ಮೇಲೆ ಇದು ಮೊದಲ ಫರ್ಲಾಂಗಿನಲ್ಲೇ ಗೊತ್ತಾಯಿತು. ಕೆಳಗೆ ಚಕ್ರ ಗಡಗಡ ಎನ್ನುತ್ತಿದೆ, ಪಟ್ಟಿಗಳು ಕಣ್ಣಿಗೆ ಮಸುಕಾಗುವಷ್ಟು ವೇಗದಲ್ಲಿ ಅಲುಗುತ್ತಿವೆ, ಕೈಗೆ ಬರುತ್ತಿರುವುದು ಅದರ ಒಂದು ಪಾಲು. ಮನೆಗೆ ಬಂದ ಮೇಲೆ ಬೆರಳುಗಳು ನನ್ನವಾಗಿಯೇ ಇದ್ದವು. ನಾನು ಓಡಿಸಿದ ಸೈಕಲ್ಲುಗಳಲ್ಲಿ ಸಣ್ಣ ನಡುಕವನ್ನು ಇಷ್ಟು ಚೆನ್ನಾಗಿ ನುಂಗಿದ್ದು ಬೇರೆ ಯಾವುದೂ ಇಲ್ಲ.

ಸೋದರಮಾವನಿಗೆ ಇದನ್ನು ತೋರಿಸಬೇಕೆನ್ನಿಸಿತು. ಅವರು ಬಹಳ ವರ್ಷ ಲಾರಿ ಇಟ್ಟುಕೊಂಡಿದ್ದವರು. ಕಮಾನು ಪಟ್ಟಿಯ ಕಟ್ಟನ್ನು ತಾವೇ ಬಿಚ್ಚಿ ಗ್ರೀಸು ಹಚ್ಚಿ ಜೋಡಿಸಿದ ಕೈ. ಸೈಕಲ್ಲಿನ ಮುಂದೆ ಕುಕ್ಕುರುಗಾಲಲ್ಲಿ ಕೂತು, ಪಟ್ಟಿಗಳ ನಡುವಿನ ಸಂದಿಯಲ್ಲಿ ಉಗುರು ತೂರಿಸಿ ನೋಡಿದರು.

"ಇವು ಒಂದಕ್ಕೊಂದು ತಾಗೋದೇ ಇಲ್ವಲ್ಲೋ," ಎಂದರು.

"ಇಲ್ಲ ಮಾವ, ಅದೇ ಇದರ ಹೆಚ್ಚುಗಾರಿಕೆ."

"ಹಂಗಾದ್ರೆ ಕುಣೀತದೆ ಕಣೋ. ಲಾರಿ ಪಟ್ಟಿ ಯಾಕೆ ಕುಣಿಯಕಿಲ್ಲ ಗೊತ್ತಾ? ಒಂದನ್ನೊಂದು ತಿಕ್ಕಾಡ್ತವೆ. ಆ ತಿಕ್ಕಾಟಕ್ಕೇ ಗಾಡಿ ಒಂದೆರಡು ಸಲ ಎದ್ದು ಬಿದ್ದು ಸುಮ್ಕಾಯ್ತದೆ. ಗ್ರೀಸ್ ಜಾಸ್ತಿ ಹಚ್ಚಿದ್ರೆ ಮೆತ್ತಗೇನೋ ಹೋಯ್ತದೆ, ಆದ್ರೆ ಕುಣಿತ ನಿಲ್ಲಕಿಲ್ಲ. ಕಮ್ಮಿ ಹಚ್ಚಿದ್ರೆ ಒದೀತದೆ. ಎರಡರ ಮಧ್ಯ ನೋಡ್ಕಬೇಕು."

ಈ ಫೋರ್ಕಿನ ಬಗ್ಗೆ ನಾನು ಓದಿದ ಯಾವ ಬರಹವೂ ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಹೇಳಿರಲಿಲ್ಲ. ಸ್ಪ್ರಿಂಗು ಏಟನ್ನು ಹಿಡಿದಿಟ್ಟುಕೊಂಡು ಹಿಂದಿರುಗಿಸುತ್ತದೆ, ಕೊಂದುಹಾಕುವುದಿಲ್ಲ. ಕೊಲ್ಲುವುದಕ್ಕೆ ಉಜ್ಜಾಟ ಬೇಕು. ಲಾರಿಯಲ್ಲಿ ಅದು ಪಟ್ಟಿಗಳ ನಡುವಿನ ತಿಕ್ಕಾಟದಿಂದ ಬರುತ್ತದೆ, ಮೋಟರ್ ಬೈಕಿನಲ್ಲಿ ಸಣ್ಣ ತೂತಿನ ಮೂಲಕ ನುಗ್ಗುವ ಎಣ್ಣೆಯಿಂದ. ಗಾಜಿನ ಪಟ್ಟಿಗೆ ಒಳಗಿಂದೊಳಗೆ ಇರುವ ಉಜ್ಜಾಟ ತೀರ ಅಲ್ಪ. ಸಣ್ಣ ನಡುಕಕ್ಕೆ ಅದು ಕೂಡಲೇ ಮಣಿಯುವುದೂ ಉಜ್ಜಾಟವಿಲ್ಲದ್ದಕ್ಕೆ, ಮಣಿದ ಮೇಲೆ ಕುಣಿಯುವುದೂ ಉಜ್ಜಾಟವಿಲ್ಲದ್ದಕ್ಕೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ತೆಗೆಯಲು ಬರುವುದಿಲ್ಲ.

ಮೋಟರ್ ಬೈಕುಗಳ ಚರಿತ್ರೆ ಮಾವನ ಮಾತಿಗೆ ಸಾಕ್ಷಿ ಹೇಳುತ್ತದೆ. ಅಮೆರಿಕದ ಇಂಡಿಯನ್ ಕಂಪನಿಯ ಬೈಕುಗಳು 1910ರಿಂದ ಎಷ್ಟೋ ವರ್ಷ ಮುಂದಿನ ಚಕ್ರಕ್ಕೆ ಕಮಾನು ಪಟ್ಟಿಯನ್ನೇ ಹೊತ್ತಿದ್ದವು. ಜರ್ಮನಿಯ ಬಿಎಂಡಬ್ಲ್ಯೂ 1923ರಲ್ಲಿ ಮಾಡಿದ ಮೊದಲ ಬೈಕು ಆರ್ 32ರ ಮುಂಭಾಗದಲ್ಲೂ ಅದೇ ಇತ್ತು. ಅದೇ ಬಿಎಂಡಬ್ಲ್ಯೂ 1935ರಲ್ಲಿ ಆರ್ 12 ಬೈಕಿಗೆ ಎಣ್ಣೆಯ ತಡೆಯುಳ್ಳ ಕೊಳವೆ ಫೋರ್ಕು ಹಾಕಿತು. ಆಮೇಲೆ ಜಗತ್ತೇ ಆ ದಾರಿ ಹಿಡಿಯಿತು. ವೇಗ ಹೆಚ್ಚಿದಂತೆ, ತೂಕ ಹೆಚ್ಚಿದಂತೆ ಕುಣಿತವನ್ನು ಹಿಡಿದು ನಿಲ್ಲಿಸುವವರು ಬೇಕಾದರು, ಬರಿಯ ಪಟ್ಟಿಯಿಂದ ಅದು ಆಗಲಿಲ್ಲ.

ಹಾಗಾದರೆ ಅಷ್ಟು ಹಿಂದೆಯೇ ಸೋತದ್ದು ಸೈಕಲ್ಲಿನಲ್ಲಿ ಗೆಲ್ಲುವುದು ಹೇಗೆ? ಮೊದಲನೆಯದಾಗಿ ಇಲ್ಲಿ ಚಕ್ರದ ಪಯಣ 30 ಮಿಲಿಮೀಟರ್ ಮಾತ್ರ. ಅಷ್ಟೂ ಬಾಗುವಾಗ ಪಟ್ಟಿ ಬರಬರುತ್ತ ಗಡುಸಾಗುತ್ತ ಹೋಗುತ್ತದೆ. ಕುಣಿಯಲು ಅಂಗಳವೇ ಸಣ್ಣದು. ಮೇಲೆ ಕೂತವನ ಮೈ ಕೂಡ ದೊಡ್ಡ ತಡೆ. ಸಡಿಲ ಬಿಟ್ಟ ಮೊಣಕೈ, ಭುಜ, ಜೊತೆಗೆ ಗಾಳಿ ತುಂಬಿದ ದಪ್ಪ ಟಯರು, ಎಲ್ಲ ಸೇರಿ ಕುಣಿತದ ಶಕ್ತಿಯನ್ನು ಹೀರುತ್ತವೆ. ಹೀಗಾಗಿ ಒಂದು ಕಲ್ಲು, ಒಂದು ಗುಂಡಿ, ರಸ್ತೆಗೆ ಅಡ್ಡಲಾದ ಒಂದು ಬೇರು ಬಂದಾಗ ಕುಣಿತ ಗೊತ್ತಾಗುವುದೇ ಇಲ್ಲ.

ಗೊತ್ತಾಗುವುದು ಏಟುಗಳು ತಾಳ ಹಿಡಿದು ಬಂದಾಗ. ಟ್ರಾಕ್ಟರುಗಳು ಓಡಾಡಿದ ಗರಸು ರಸ್ತೆಯಲ್ಲಿ ತಗಡಿನ ಶೀಟಿನಂತೆ ಅಡ್ಡ ಅಲೆಗಳು ಏಳುತ್ತವಲ್ಲ, ಅಲ್ಲಿ. ಈ ಅಲೆಗಳು ಏಳುವುದೇ ಒಂದು ವಿಚಿತ್ರ. ಟೊರೊಂಟೊ ವಿಶ್ವವಿದ್ಯಾಲಯದ ಸ್ಟೀಫನ್ ಮಾರಿಸ್ ಮತ್ತು ಸಂಗಡಿಗರು 2007ರಲ್ಲಿ ತಿರುಗುವ ಮರಳಿನ ಹಾಸಿನ ಮೇಲೆ ಒಂದು ಚಕ್ರವನ್ನು ಉರುಳಿಸಿ, ಒಂದು ವೇಗ ದಾಟಿದ ಕೂಡಲೇ ಸಮತಟ್ಟಾದ ಮರಳು ತಾನಾಗಿ ಅಲೆಯಲೆಯಾಗುವುದನ್ನು ತೋರಿಸಿದರು. ರಸ್ತೆ ಮಾಡಿದವರ ತಪ್ಪಿಲ್ಲದೆಯೂ ಅಲೆ ಏಳುತ್ತದೆ, ಉರುಳುವ ಗಾಲಿಗಳೇ ಅದನ್ನು ಕಟ್ಟುತ್ತವೆ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ಇದು ಕೆಲಸಕ್ಕೆ ಬರುವ ಲೆಕ್ಕ. ಸವಾರ ಕೂತಾಗ ಫೋರ್ಕು 6 ಮಿಲಿಮೀಟರ್ ಇಳಿಯಿತು ಎಂದಿಟ್ಟುಕೊಳ್ಳಿ. ಹೈಸ್ಕೂಲು ದಾಟಿದವರೆಲ್ಲ ಕಲಿತ ಸ್ಪ್ರಿಂಗಿನ ಸೂತ್ರದ ಪ್ರಕಾರ ಅದು ತನ್ನಷ್ಟಕ್ಕೆ ಸೆಕೆಂಡಿಗೆ ಸುಮಾರು 6.4 ಸಲ ಏರಿಳಿಯಲು ಬಯಸುತ್ತದೆ. ಅಲೆಯಿಂದ ಅಲೆಗೆ 75 ಸೆಂಟಿಮೀಟರ್ ದೂರವಿದ್ದು, ನೀವು ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿದ್ದರೆ ಸೆಕೆಂಡಿಗೆ 6.7 ಅಲೆ ದಾಟುತ್ತೀರಿ. ರಸ್ತೆಯ ತಾಳವೂ ಪಟ್ಟಿಯ ತಾಳವೂ ಒಂದೇ ಆಯಿತು. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದಂತೆ ಪ್ರತಿ ಅಲೆಯೂ ಕುಣಿತವನ್ನು ಹೆಚ್ಚಿಸುತ್ತದೆ. ಎಣ್ಣೆಯ ತಡೆ ಇದ್ದಿದ್ದರೆ ಅದನ್ನು ಅದುಮುತ್ತಿತ್ತು, ಇಲ್ಲಿ ಕೈಗಳೇ ಅದುಮಬೇಕು. ಅದೇ ನೀವು 30 ಕಿಲೋಮೀಟರ್ ವೇಗಕ್ಕೆ ಏರಿದರೆ ಸೆಕೆಂಡಿಗೆ 11 ಅಲೆ ಬರುತ್ತದೆ. ಪಟ್ಟಿಗೆ ಅಷ್ಟು ಬೇಗ ಏರಿಳಿಯುವ ಮನಸ್ಸಿಲ್ಲ. ಚಕ್ರ ಕೆಳಗೆ ಓಡಾಡಿಕೊಂಡಿರುತ್ತದೆ, ಹ್ಯಾಂಡಲ್ಲು ತಣ್ಣಗೆ ನಿಲ್ಲುತ್ತದೆ. ಸವಾರನ ತೂಕ, ಪಟ್ಟಿಯ ಗಡುಸು, ಅಲೆಯ ದೂರ ಬದಲಾದರೆ ಅಂಕಿಗಳು ಬದಲಾಗುತ್ತವೆ, ಸ್ವಭಾವ ಬದಲಾಗದು. ಇಂಥ ಫೋರ್ಕಿನಲ್ಲಿ ಅಲೆಯ ರಸ್ತೆ ಬಂದಾಗ ಅರ್ಧ ವೇಗದಲ್ಲಿ ಹೋಗಬಾರದು. ದಾರಿ ಕಾಣುತ್ತಿದ್ದರೆ ವೇಗವಾಗಿ, ಇಲ್ಲದಿದ್ದರೆ ತೀರ ನಿಧಾನವಾಗಿ.

ಎದ್ದು ನಿಂತು ತುಳಿಯುವವರಿಗೆ ಈ ಫೋರ್ಕು ಹಿಡಿಸುವುದು ಕಷ್ಟ. ಪೆಡಲಿನ ಮೇಲೆ ಮೈಭಾರ ಬಿಟ್ಟಾಗಲೆಲ್ಲ ಹ್ಯಾಂಡಲ್ಲು ಕೆಳಗೆ ಕುಕ್ಕುತ್ತದೆ. ಕೊಳವೆ ಫೋರ್ಕುಗಳಲ್ಲಿ ಒಂದು ಗುಬುಟು ತಿರುಗಿಸಿದರೆ ಚಲನೆ ನಿಲ್ಲುತ್ತದೆ, ಘಾಟಿ ಹತ್ತುವಾಗ ಬೀಗ ಹಾಕಿಕೊಳ್ಳಬಹುದು. ಇದಕ್ಕೆ ಬೀಗವಿಲ್ಲ, ಬಿಗಿ ಸಡಿಲ ಮಾಡುವ ತಿರುಪೂ ಇಲ್ಲ. ಕೂತೇ ತುಳಿದು ಹತ್ತುವ ನನ್ನಂಥವರಿಗೆ ತೊಂದರೆಯಿಲ್ಲ. ಜೋರಾಗಿ ಬ್ರೇಕು ಹಿಡಿದಾಗ, ತಿರುವಿನಲ್ಲಿ ಮೈಯೊರಗಿಸಿದಾಗ ಇನ್ನೊಂದು ಸಂಗತಿ ಗಮನಕ್ಕೆ ಬರುತ್ತದೆ. ಎಡಗಾಲಿನ ಪಟ್ಟಿ ಬೇರೆ, ಬಲಗಾಲಿನ ಪಟ್ಟಿ ಬೇರೆ. ಕೆಳಗೆ ಅವೆರಡನ್ನೂ ಕೂಡಿಸಿ ಹಿಡಿಯುವುದು ಚಕ್ರದ ಅಚ್ಚೊಂದೇ. ಅಚ್ಚು, ಹಬ್ಬು ದಪ್ಪವಾಗಿ, ಬಿಗಿಯಾಗಿ ಇದ್ದರೆ ಚಕ್ರ ಹೇಳಿದ ಕಡೆಗೆ ತಿರುಗುತ್ತದೆ. ಇಲ್ಲದಿದ್ದರೆ ಹ್ಯಾಂಡಲ್ಲು ತಿರುಗಿದ ಒಂದು ಕ್ಷಣದ ಮೇಲೆ ಚಕ್ರ ತಿರುಗಿದಂತೆ ಭಾಸವಾಗುತ್ತದೆ. ಬಂಡೆ, ಬೇರು, ಮೆಟ್ಟಿಲಿನಂಥ ಇಳಿಜಾರುಗಳಲ್ಲಿ ಇದು ನಂಬಿಕೆ ಕೊಡುವ ಫೋರ್ಕಲ್ಲ, ಅಲ್ಲಿಗೆ ಬೆಟ್ಟದ ಸೈಕಲ್ಲೇ ಸರಿ.

ಮಳೆಗಾಲ ಬಂದಾಗ ತಕ್ಕಡಿ ಮತ್ತೆ ಇತ್ತ ಬಾಗುತ್ತದೆ. ಕೊಳವೆ ಫೋರ್ಕಿನ ಶತ್ರು ಕೆಸರು. ರಾಕ್‌ಶಾಕ್ಸ್ ಕಂಪನಿ ತನ್ನ ಫೋರ್ಕುಗಳ ಕೆಳಗಾಲನ್ನು ಐವತ್ತು ಗಂಟೆ ಸವಾರಿಗೊಮ್ಮೆ ಬಿಚ್ಚಿ ತೊಳೆದು ಎಣ್ಣೆ ಬದಲಿಸಿ ಎನ್ನುತ್ತದೆ. ದಿನಾ ಒಂದು ಗಂಟೆ ತುಳಿಯುವವನಿಗೆ ಎರಡು ತಿಂಗಳೊಳಗೆ ಆ ಕೆಲಸ ಬಂತು. ಬೆಂಗಳೂರಿನಲ್ಲಿ ಅದನ್ನು ಬಲ್ಲ ಅಂಗಡಿಗಳಿವೆ, ಜಿಲ್ಲಾ ಕೇಂದ್ರಗಳಲ್ಲಿ ಹುಡುಕಬೇಕು, ತಾಲ್ಲೂಕಿನಲ್ಲಿ ಆ ಮಾತೇ ಬೇಡ. ಪಟ್ಟಿಯ ಫೋರ್ಕಿಗೆ ಒಂದು ತಂಬಿಗೆ ನೀರು ಸುರಿದರಾಯಿತು. ಕೆಸರು ಪಟ್ಟಿಗಳ ನಡುವೆ ಕೂತರೂ ಕೆಡಿಸುವಂಥದ್ದು ಅಲ್ಲೇನಿಲ್ಲ. ಊರಿಂದ ದೂರ, ಅಂಗಡಿಯಿಲ್ಲದ ಕಡೆ ವಾರಗಟ್ಟಲೆ ಹೋಗುವವರಿಗೆ ಇದು ಕೈ ನಡುಕ ನಿಲ್ಲಿಸುವುದಕ್ಕಿಂತಲೂ ದೊಡ್ಡ ಗುಣ ಎಂದು ನನ್ನ ಅಭಿಪ್ರಾಯ.

ಆದರೆ ಪಟ್ಟಿಯನ್ನು ಕಣ್ಣಿಟ್ಟು ನೋಡಿಕೊಳ್ಳಬೇಕು. ಕಲ್ಲು ಸಿಡಿದು ಗೀಚಿದ ಜಾಗ, ಅಂಚಿನಲ್ಲಿ ಎದ್ದ ನೂಲಿನ ಎಳೆ, ಒಳಗಿಂದ ಬೆಳ್ಳಗಾದ ಕಲೆ ಕಂಡರೆ ಓಡಿಸಬಾರದು. ಉಕ್ಕಿನ ಪಟ್ಟಿ ಮುರಿದರೆ ಯಾವ ಹೆದ್ದಾರಿಯ ಬದಿಯಲ್ಲಾದರೂ ಅಂಥದ್ದೇ ಇನ್ನೊಂದನ್ನು ಹಾಕಿಕೊಡುತ್ತಾರೆ. ಗಾಜಿನ ಪಟ್ಟಿ ಮಾಡಿದವರಿಂದಲೇ ಬರಬೇಕು, ಸಮುದ್ರ ದಾಟಿ, ಸುಂಕ ಕಟ್ಟಿಸಿಕೊಂಡು. ಭಾರತದಲ್ಲಿ ಇದನ್ನು ಕೊಳ್ಳುವವರು ಮೊದಲು ಯೋಚಿಸಬೇಕಾದದ್ದು ಈ ವಿಷಯವನ್ನೇ.

ತೂಕದ ವಿಚಾರಕ್ಕೆ ಬಂದರೆ, ಅಲುಗದ ಕಾರ್ಬನ್ ಫೋರ್ಕು 400ರಿಂದ 500 ಗ್ರಾಂ ಇರುತ್ತದೆ. 2021ರಲ್ಲಿ ರಾಕ್‌ಶಾಕ್ಸ್ ಗ್ರಾವೆಲ್ ಬೈಕಿಗೆಂದು ತಂದ ರೂಡಿ ಎಂಬ ಕೊಳವೆ ಫೋರ್ಕು 1200 ಗ್ರಾಂ ದಾಟುತ್ತದೆ. ಪಟ್ಟಿಯದು ಇವೆರಡರ ನಡುವೆ. ರೂಪದ ಬಗ್ಗೆ ಜನ ಬಹಳ ಜಗಳವಾಡುತ್ತಾರೆ, ವಿಕಾರ ಎನ್ನುವವರೇ ಹೆಚ್ಚು. ಬಾಗುವ ಕೆಲಸವನ್ನು ಮುಚ್ಚಿಡದೆ ಕಣ್ಣೆದುರೇ ಮಾಡುವ ವಸ್ತು ನನಗಂತೂ ಚಂದ ಕಾಣುತ್ತದೆ. ಮಡ್‌ಗಾರ್ಡು, ಚೀಲ ಸಿಕ್ಕಿಸುವವರಿಗೆ ಮಾತ್ರ ಈ ರೂಪ ನಿಜವಾದ ಅಡಚಣೆ.

ಇನ್ನೊಂದು ಮಾತನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ನಡುಕ ತಡೆಯಲು ಫೋರ್ಕೇ ಬೇಕೆಂದಿಲ್ಲ. ಪ್ಯಾರಿಸ್ ರೂಬೆ ರೇಸಿನ ಕಲ್ಲುಹಾಸಿನ ಮೇಲೆ ಜಿಲ್ಬೆರ್ ದ್ಯುಕ್ಲೊ ಲಸ್ಸಾಲ್ 1992 ಮತ್ತು 1993ರಲ್ಲಿ, ಆಂದ್ರೇ ಚ್ಮಿಲ್ 1994ರಲ್ಲಿ ರಾಕ್‌ಶಾಕ್ಸ್ ಫೋರ್ಕು ಹಾಕಿದ ಸೈಕಲ್ಲಿನಲ್ಲೇ ಗೆದ್ದರು. ಮೂರು ವರ್ಷ ಸತತ ಗೆದ್ದ ವಸ್ತು ಆ ರೇಸಿನಲ್ಲಿ ಉಳಿಯಲಿಲ್ಲ. ಉಳಿದದ್ದು, ಬೆಳೆದದ್ದು ಟಯರು. ಆಗ 24, 25 ಮಿಲಿಮೀಟರ್ ಇದ್ದ ಅಲ್ಲಿನ ಟಯರುಗಳು ಈಗ 30 ದಾಟಿವೆ. ಗ್ರಾವೆಲ್ ಬೈಕುಗಳಲ್ಲಂತೂ 40, 45, 50 ಮಿಲಿಮೀಟರ್ ಸಾಮಾನ್ಯ. ಅಷ್ಟು ದಪ್ಪ ಟಯರಿಗೆ ಗಾಳಿ ಕಡಿಮೆ ಇಟ್ಟರೆ ಅದೇ ದೊಡ್ಡ ಸ್ಪ್ರಿಂಗು. ಲೌಫ್ ಕಂಪನಿಯೇ ತನ್ನ ಸೈಕಲ್ಲುಗಳಿಗೆ ಪಟ್ಟಿಯಿಲ್ಲದ ಅಲುಗದ ಫೋರ್ಕನ್ನೂ ಮಾಡಿ ಮಾರುತ್ತದೆ. ಎಲ್ಲರಿಗೂ ಎಲ್ಲ ದಾರಿಗೂ ಪಟ್ಟಿ ಬೇಡ ಎಂದು ಮಾಡಿದವರೇ ಒಪ್ಪಿದಂತಾಯಿತು. ಆ ಪ್ರಾಮಾಣಿಕತೆ ನನಗೆ ಮೆಚ್ಚುಗೆಯಾಯಿತು.

ಇದು ನಿಜವಾಗಿ ಯಾವ ನೆಲದ ವಸ್ತು ಎಂದು ತಿಳಿಯಬೇಕಾದರೆ ಎರಡು ರೇಸುಗಳನ್ನು ನೋಡಬೇಕು. ಒಂದು ಐಸ್‌ಲ್ಯಾಂಡಿನ ಹ್ವೋಲ್ಸ್‌ವೊಲ್ಲುರ್‌ನಿಂದ ಹೊರಟು ಹೆಕ್ಲಾ ಜ್ವಾಲಾಮುಖಿಯ ಸುತ್ತಿನ ಲಾವಾ ಬಯಲುಗಳಲ್ಲಿ 200 ಕಿಲೋಮೀಟರ್ ಸಾಗುವ ದಿ ರಿಫ್ಟ್. ಲೌಫ್‌ನವರೇ 2019ರಲ್ಲಿ ಶುರುಮಾಡಿದ್ದು. ಅಲ್ಲಿ ಕಪ್ಪು ಮರಳು, ಚೂಪು ಕಲ್ಲು, ದಾಟಬೇಕಾದ ತೊರೆಗಳು. ಇನ್ನೊಂದು ಕ್ಯಾನ್ಸಸ್‌ನ ಎಂಪೋರಿಯಾದಿಂದ 2006ರಿಂದ ನಡೆಯುತ್ತಿರುವ, ಈಗ ಅನ್‌ಬೌಂಡ್ ಗ್ರಾವೆಲ್ ಎಂದು ಹೆಸರಾದ 200 ಮೈಲಿಯ, ಎಂದರೆ 320 ಕಿಲೋಮೀಟರಿನ ರೇಸು. ಫ್ಲಿಂಟ್ ಹಿಲ್ಸ್ ಎಂಬ ಆ ಹುಲ್ಲುಗಾಡಿನ ದಾರಿಗಳ ಕಲ್ಲು ಟಯರನ್ನು ಸೀಳುವಷ್ಟು ಹರಿತ. ಚಿಕ್ಕಪ್ಪನ ಮಗ ವಾರಾಂತ್ಯಗಳಲ್ಲಿ ತುಳಿಯುವುದು ಆ ದಾರಿಗಳಲ್ಲೇ. ಎರಡೂ ಕಡೆ ಕಾಡುವುದು ಒಂದೇ: ದೊಡ್ಡ ಗುಂಡಿ ಕಡಿಮೆ, ಸಣ್ಣ ನಡುಕ ಹತ್ತಾರು ಗಂಟೆ, ಸಹಾಯ ದೂರ. ಈ ಫೋರ್ಕಿಗೆ ಅದೇ ತವರು.

ಆದ್ದರಿಂದ ನಾನು ಹೇಳುವುದಿಷ್ಟು. ನಿಮ್ಮ ಸವಾರಿ ಎರಡು ಗಂಟೆಯೊಳಗೆ ಮುಗಿಯುವುದಾದರೆ, ಅರ್ಧ ದಾರಿ ಡಾಂಬರಿದ್ದರೆ, ಎದ್ದು ನಿಂತು ತುಳಿಯುವ ಅಭ್ಯಾಸವಿದ್ದರೆ ಇದಕ್ಕೆ ದುಡ್ಡು ಹಾಕಬೇಡಿ. ದಿನವಿಡೀ ಗರಸಿನ ಮೇಲೆ ಕೂತೇ ತುಳಿಯುವವರಾಗಿದ್ದು, ಫೋರ್ಕು ಬಿಚ್ಚಿ ಎಣ್ಣೆ ಬದಲಿಸುವವರು ನಿಮ್ಮೂರಿನಲ್ಲಿ ಇಲ್ಲದಿದ್ದರೆ ಇದಕ್ಕಿಂತ ಒಳ್ಳೆಯದು ಸದ್ಯಕ್ಕಿಲ್ಲ. ಅದಕ್ಕೂ ಮೊದಲು ಈಗಿರುವ ಸೈಕಲ್ಲಿಗೆ ಹಿಡಿಸುವ ಅತಿ ದಪ್ಪ ಟಯರು ಹಾಕಿ, ರಿಮ್ಮು ನೆಲಕ್ಕೆ ಬಡಿಯದಷ್ಟು ಗಾಳಿ ಉಳಿಸಿ, ಮಿಕ್ಕದ್ದನ್ನು ಬಿಟ್ಟು ನಿಮ್ಮೂರ ನಾಲೆ ಏರಿಯ ಮೇಲೆ ಒಂದು ಇಡೀ ದಿನ ಹೋಗಿ ಬನ್ನಿ. ಆಮೇಲೂ ಕಿರುಬೆರಳು ಜೋಮು ಹಿಡಿದರೆ ಪಟ್ಟಿಯ ಫೋರ್ಕು ಇರುವವರನ್ನು ಹುಡುಕಿ, ಕೇಳಿ ಪಡೆದು, ಅದೇ ದಾರಿಯಲ್ಲಿ ಓಡಿಸಿ ನೋಡಿ. ಕೊಳ್ಳುವುದೋ ಬೇಡವೋ ಎಂಬುದನ್ನು ಆಗ ನಿರ್ಧರಿಸಿ.